ಹಂಚಿನ ಬೆನ್ನು ನೋಡಿ

ಕೇಳಿ, ಹೇಳ್ತೇನೆ: ಓದುಗರ ಪ್ರಶ್ನೆ, ಹಳೇ ರೈಟರನ ಉತ್ತರ

ಹೋದ ತಿಂಗಳು ಏನೋ ಹೇಳುವಾಗ ಒಂದು ಮಾತು ಬರೆದಿದ್ದೆ. ನೇತ್ರಾವತಿ ಸೇತುವೆ ದಾಟುವಾಗ ತೆಂಗಿನ ಮರಗಳ ಮಧ್ಯೆ ಕಾಣುವ ಹಂಚಿನ ಕಾರ್ಖಾನೆಯ ಚಿಮಿಣಿಗಳನ್ನು ಈಗಲೂ ಎಣಿಸುತ್ತೇನೆ, ಲೆಕ್ಕ ಕಡಿಮೆ ಆಗುತ್ತಲೇ ಇದೆ ಅಂತ. ಅಷ್ಟಕ್ಕೇ ಈ ಸಲ ಅಂಚೆ ತುಂಬ ಹಂಚೇ ಬಂದಿದೆ. ಬೇರೆ ಪ್ರಶ್ನೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಹೊಳೆ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ 11 ವರ್ಷ ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಲೆಕ್ಕ ಬರೆಯುವವನು. ಭಟ್ಟಿಗೆ ಎಷ್ಟು ಹಂಚು ಹೋಯಿತು, ಎಷ್ಟು ಹೊರಗೆ ಬಂತು, ಎಷ್ಟು ಒಡೆಯಿತು. ಅಷ್ಟೇ ನನ್ನ ವಿದ್ಯೆ.

*

ಪ್ರಶ್ನೆ: ನಾವು ನಾಲ್ವರು ಸ್ನೇಹಿತೆಯರು ಬೋಳಾರದ ಹತ್ತಿರ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ ನೋಡಲು ಹೋಗಿದ್ದೆವು. ಬಿದ್ದ ಗೋಡೆ ದಾಟಿ ಒಳಗೆ ಹೋದೆವು. ಚಿಮಿಣಿ, ಸುರಂಗದಂಥ ಕೋಣೆಗಳು, ತುಕ್ಕು ಹಿಡಿದ ಚಕ್ರ, ಉದ್ದಕ್ಕೂ ಮರದ ಅಟ್ಟಣಿಗೆ, ಎಲ್ಲದರ ಫೋಟೋ ತೆಗೆದೆವು. ಮನೆಗೆ ಬಂದು ನೋಡಿದರೆ ಯಾವುದು ಏನು ಅಂತಲೇ ಅರ್ಥ ಆಗಲಿಲ್ಲ. ಏನು ನೋಡಬೇಕಿತ್ತು ಹೇಳಿ ಸರ್. (ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಮೊದಲು ಬೈಗುಳ, ಆಮೇಲೆ ಪಾಠ. ಬಿದ್ದ ಗೋಡೆ ಬಾಗಿಲಲ್ಲ ಮಗಳೇ. ಹಾಳುಬಿದ್ದ ಜಾಗಕ್ಕೂ ಯಜಮಾನರು ಇರುತ್ತಾರೆ. ಗೇಟಿನ ಹತ್ತಿರ ಒಬ್ಬ ಕಾವಲುಗಾರ ಇದ್ದೇ ಇರುತ್ತಾನೆ, ಇಲ್ಲದಿದ್ದರೆ ಎದುರಿನ ಗೂಡಂಗಡಿಯಲ್ಲಿ ಕೇಳಿ. ಕಾಲೇಜಿನ ಒಂದು ಪತ್ರ ಹಿಡಿದುಕೊಂಡು ಹೋದರೆ ನಮ್ಮೂರಲ್ಲಿ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಚಾ ಕೂಡ ಕೊಡುತ್ತಾರೆ.

ಇನ್ನು ಪಾಠ. ನೀವು ರಸ್ತೆ ಬದಿಯಿಂದ ಒಳಗೆ ಹೋದಿರಿ. ಅದೇ ತಪ್ಪು. ಹಂಚಿನ ಕಾರ್ಖಾನೆಯ ಮುಖ ಇರುವುದು ಹೊಳೆ ಕಡೆಗೆ. ಮುಂದಿನ ಸಲ ಹಿಂದಕ್ಕೆ ಹೋಗಿ, ನೀರು ಸಿಗುವಲ್ಲಿಂದ ಶುರು ಮಾಡಿ, ಮಣ್ಣು ಹೋದ ದಾರಿಯಲ್ಲೇ ನಡೆಯಿರಿ. ಆಗ ಯಾರೂ ವಿವರಿಸುವುದೇ ಬೇಡ.

ನೀರಿನ ಬದಿಯಲ್ಲಿ ಕಲ್ಲು ಕಟ್ಟಿದ ಸಣ್ಣ ದಕ್ಕೆ ಇರುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳ ಮೇಲ್ಬದಿಯಿಂದ ಆವೆ ಮಣ್ಣು ದೋಣಿಯಲ್ಲಿ ಬಂದು ಇಳಿಯುತ್ತಿದ್ದದ್ದು ಅಲ್ಲಿಗೇ. ಗದ್ದೆಯ ಅಡಿಯ ಮಣ್ಣು, ಹೊಳೆ ದಂಡೆಯ ಮಣ್ಣು. ಮಳೆಗಾಲದಲ್ಲಿ ಮಣ್ಣು ತೆಗೆಯಲು ಆಗುವುದಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಗುಡ್ಡೆ ಹಾಕಿ ಇಡುತ್ತಿದ್ದರು. ದಕ್ಕೆಯಿಂದ ಒಳಗೆ ಬಂದಾಗ ಸಿಗುವ ದೊಡ್ಡ ಖಾಲಿ ಅಂಗಳ ಖಾಲಿ ಬಿಟ್ಟ ಜಾಗವಲ್ಲ, ಮಣ್ಣು ಮಲಗುತ್ತಿದ್ದ ಜಾಗ. ಹೌದು, ಮಣ್ಣಿಗೂ ನಿದ್ದೆ ಬೇಕು. ನೆನೆದು, ಕೆಲವು ವಾರ ಹಾಗೇ ಬಿದ್ದಿದ್ದರೆ ಹದ ಬರುತ್ತದೆ. ಬರೀ ಅಂಟು ಮಣ್ಣಾದರೆ ಒಣಗುವಾಗ ಸೀಳುತ್ತದೆ, ಬರೀ ಹೊಯ್ಗೆ ಮಣ್ಣಾದರೆ ಉದುರುತ್ತದೆ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕು ಅಂತ ನಮ್ಮಲ್ಲಿ ಒಬ್ಬರು ಮೇಸ್ತ್ರಿ ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದರು. ಒಮ್ಮೊಮ್ಮೆ ಹಲ್ಲಲ್ಲಿ ಕಚ್ಚಿಯೂ ನೋಡುತ್ತಿದ್ದರು.

ಅಂಗಳ ದಾಟಿದರೆ ಮೊದಲ ಶೆಡ್. ನೆಲದಲ್ಲಿ ಸಿಮೆಂಟಿನ ದಪ್ಪ ಕಟ್ಟೆ, ಅದರ ಮೇಲೆ ನೆಟ್ಟಗೆ ನಿಂತ ನಾಲ್ಕೈದು ಬೋಲ್ಟು ಕಂಡರೆ ನಿಲ್ಲಿ. ಇಂಜಿನ್ ಕೂತಿದ್ದ ಪೀಠ ಅದು. ಇಂಜಿನನ್ನು ಯಾವತ್ತೋ ಗುಜರಿಯವರು ಒಯ್ದಿರುತ್ತಾರೆ. ಈಗ ಮೇಲೆ ನೋಡಿ. ಕಂಬದಿಂದ ಕಂಬಕ್ಕೆ ಒಂದು ಕಬ್ಬಿಣದ ಸರಳು, ಅದಕ್ಕೆ ಪೋಣಿಸಿದ ಚಕ್ರಗಳು. ನೀವು ಫೋಟೋ ತೆಗೆದ ಚಕ್ರ ಇದೇ ಇರಬೇಕು. ಒಂದೇ ಇಂಜಿನ್ ಆ ಉದ್ದದ ಸರಳನ್ನು ತಿರುಗಿಸುತ್ತಿತ್ತು. ಸರಳಿನಿಂದ ಬೆಲ್ಟುಗಳು ಇಳಿದು ಕೆಳಗಿನ ಎಲ್ಲ ಯಂತ್ರಗಳನ್ನೂ ಓಡಿಸುತ್ತಿದ್ದವು. ಬೆಲ್ಟು ಜಾರಿದರೆ ಶೆಡ್ಡೇ ತೆಪ್ಪಗೆ.

ಮೊದಲ ಯಂತ್ರ ಪಗ್ ಮಿಲ್. ದೊಡ್ಡ ಕೊಳವೆ, ಒಳಗೆ ತಿರುಗುವ ಕತ್ತಿಗಳು. ಚಕ್ಕುಲಿ ಒತ್ತಿನ ಅಣ್ಣ ಅಂತಿಟ್ಟುಕೊಳ್ಳಿ. ಒಂದು ಬಾಯಿಂದ ಮಣ್ಣು ಹಾಕಿದರೆ ಇನ್ನೊಂದು ಬಾಯಿಂದ ಉದ್ದನೆಯ ಪಟ್ಟಿಯಾಗಿ ಹೊರಗೆ. ತಂತಿಯಲ್ಲಿ ಅದನ್ನು ಚಪ್ಪಟೆ ತುಂಡುಗಳಾಗಿ ಕತ್ತರಿಸಿ, ಅಂಟಬಾರದು ಅಂತ ಎಣ್ಣೆ ಸವರುತ್ತಿದ್ದರು. ಆ ಎಣ್ಣೆಯ ವಾಸನೆ ನನ್ನ ಅಂಗಿಯಿಂದ ಹೋಗಲು ಕೆಲಸ ಬಿಟ್ಟ ಮೇಲೆ ಒಂದು ವರ್ಷ ಬೇಕಾಯಿತು ಅಂತ ಹೆಂಡತಿ ಹೇಳುತ್ತಾಳೆ.

ಆಮೇಲೆ ಪ್ರೆಸ್. ಐದು ಮುಖದ ಡ್ರಮ್ಮು, ಒಂದೊಂದು ಮುಖದಲ್ಲೂ ಹಂಚಿನ ಕೆಳಗಿನ ಅಚ್ಚು. ಮೇಲಿನ ಅಚ್ಚು ಬಂದು ಒತ್ತುತ್ತದೆ, ಡ್ರಮ್ಮು ಒಂದು ಮುಖ ತಿರುಗುತ್ತದೆ, ಹಸಿ ಹಂಚು ಕೈಗೆ ಬೀಳುತ್ತದೆ. ಅದನ್ನು ಮರದ ಚೌಕಟ್ಟಿನ ಮೇಲೆ ಹಿಡಿದು, ಸುತ್ತ ಉಳಿದ ಮಣ್ಣಿನ ಅಂಚು ಕತ್ತರಿಸಬೇಕು. ನಮ್ಮಲ್ಲಿ ಈ ಕೆಲಸ ಪೂರ್ತಿ ಹೆಂಗಸರದ್ದು. ಯಂತ್ರದ ವೇಗಕ್ಕೆ ಕೈ ಓಡಬೇಕು. ಹಸಿ ಹಂಚನ್ನು ಸ್ವಲ್ಪ ಜಾಸ್ತಿ ಹಿಡಿದರೆ ಬಾಗುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಪ್ರೆಸ್ಸಿನ ಪಕ್ಕ ನೆಲ ನೋಡಿ. ಒಂದೇ ಜಾಗದಲ್ಲಿ ಎರಡು ಪಾದದಷ್ಟು ಸವೆದ ಗುರುತು ಕಾಣಬಹುದು. ಒಂದೇ ಕಡೆ ನಿಂತು ಕೆಲಸ ಮಾಡಿದ ಗುರುತು ಅದು. ನಿಮ್ಮ ನಾಲ್ವರ ಕ್ಯಾಮೆರಾಗಳಿಗೆ ಅದು ಸಿಕ್ಕಿರಲಿಕ್ಕಿಲ್ಲ.

ಮರದ ಅಟ್ಟಣಿಗೆ ಅಂದಿರಲ್ಲ, ಅದು ಹಂಚು ಒಣಗಿಸುವ ಜಾಗ. ಬಿಸಿಲಿಗೆ ಇಟ್ಟರೆ ಹಂಚು ಒಂದು ಬದಿ ಬೇಗ ಒಣಗಿ ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ, ನಿಧಾನಕ್ಕೆ ಒಣಗಬೇಕು. ಅದಕ್ಕೇ ಗೋಡೆಗಳಿಗೆ ಮರದ ಪಟ್ಟಿಯ ಜಾಲರಿ. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮೂರಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಂಚು ಒಣಗುತ್ತದಾ? ಹಾಗಾಗಿ ಅಟ್ಟಣಿಗೆಯನ್ನು ಭಟ್ಟಿಯ ತಲೆ ಮೇಲೆಯೇ ಕಟ್ಟುತ್ತಿದ್ದರು. ಕೆಳಗೆ ಸುಡುವ ಬಿಸಿ, ಮೇಲೆ ಒಣಗುವ ಹಂಚು. ಮಳೆಗಾಲದಲ್ಲಿ ಊಟದ ಹೊತ್ತಿಗೆ ನಾವೆಲ್ಲ ಬುತ್ತಿ ಹಿಡಿದು ಅಲ್ಲಿಗೇ ಹತ್ತುತ್ತಿದ್ದೆವು. ಕುಚ್ಚಲಕ್ಕಿ ಅನ್ನ ಸಂಜೆವರೆಗೂ ಬೆಚ್ಚಗೆ.

ಈಗ ನಿಮ್ಮ ಸುರಂಗ. ಅದೇ ಭಟ್ಟಿ, ಕಾರ್ಖಾನೆಯ ಹೊಟ್ಟೆ. ಇದರ ಲೆಕ್ಕಾಚಾರ ಅರ್ಥ ಆದರೆ ಉಳಿದದ್ದೆಲ್ಲ ಸುಲಭ. ಕುಂಬಾರರ ಆವಿಗೆಯಲ್ಲಿ ಬೆಂಕಿ ಹಾಕಿ, ಸುಟ್ಟು, ಆರಲು ಬಿಟ್ಟು, ತೆಗೆದು, ಮತ್ತೆ ಹೊಸದಾಗಿ ಬೆಂಕಿ ಹಾಕಬೇಕು. ಪ್ರತಿ ಸಲವೂ ಬಿಸಿಯೆಲ್ಲ ದಂಡ. 1858ರಲ್ಲಿ ಜರ್ಮನಿಯ ಫ್ರೀಡ್ರಿಖ್ ಹಾಫ್‌ಮನ್ ಪೇಟೆಂಟ್ ಪಡೆದ ಭಟ್ಟಿಯಲ್ಲಿ ಹಂಚು ಇದ್ದಲ್ಲೇ ಇರುತ್ತದೆ, ಬೆಂಕಿಯೇ ಸುತ್ತು ಹೊಡೆಯುತ್ತದೆ. ಉದ್ದುದ್ದ ವೃತ್ತದಂತೆ ಕೋಣೆಗಳ ಸಾಲು. ಒಂದು ಕೋಣೆ ಉರಿಯುತ್ತಿರುವಾಗ ಅದರ ಬಿಸಿ ಹೊಗೆ ಮುಂದಿನ ಕೋಣೆಗಳ ಹಸಿ ಹಂಚನ್ನು ಕಾಯಿಸುತ್ತದೆ. ಹಿಂದಿನ ಕೋಣೆಗಳ ಸುಟ್ಟ ಹಂಚನ್ನು ಆರಿಸುತ್ತಾ ಬರುವ ಗಾಳಿ ತಾನೇ ಬಿಸಿಯಾಗಿ ಬೆಂಕಿಗೆ ಸೇರುತ್ತದೆ. ಒಂದು ಬಾಗಿಲಲ್ಲಿ ತುಂಬಿಸುತ್ತಾರೆ, ಇನ್ನೊಂದು ಬಾಗಿಲಲ್ಲಿ ತೆಗೆಯುತ್ತಾರೆ. ಬೆಂಕಿ ಆರುವುದೇ ಇಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇಂಥದ್ದೇ ಭಟ್ಟಿ.

ಭಟ್ಟಿಯ ಮೇಲೆ ಸಾಲಾಗಿ ಕಬ್ಬಿಣದ ಮುಚ್ಚಳಗಳು ಕಾಣುತ್ತವೆ. ಮುಚ್ಚಳ ಎತ್ತಿ ಕಟ್ಟಿಗೆ ಬಿಡುವುದು ಅಲ್ಲಿಂದ. ಒಳಗೆ ಸುಮಾರು 900 ಡಿಗ್ರಿ. ಹಳೆ ಭಟ್ಟಿಯವರು ಮೀಟರ್ ನೋಡುತ್ತಿರಲಿಲ್ಲ, ತೂತಿನಿಂದ ಇಣುಕಿ ಬಣ್ಣ ನೋಡಿ ಹೇಳುತ್ತಿದ್ದರು. ಕೋಣೆಯ ಒಳಗೋಡೆಗೆ ಟಾರ್ಚ್ ಹಾಕಿ ನೋಡಿ, ಇಟ್ಟಿಗೆ ಗಾಜಿನ ಹಾಗೆ ಹೊಳೆಯುತ್ತದೆ. ಯಾರೂ ಬಣ್ಣ ಬಳಿದದ್ದಲ್ಲ. ವರ್ಷಗಟ್ಟಲೆ ಕಟ್ಟಿಗೆ ಬೂದಿ ಹಾರಿ ಅಂಟಿ ಕರಗಿದ್ದು. ಚಿಮಿಣಿಗೂ ಭಟ್ಟಿಗೂ ಸಂಬಂಧವೇ ಇಲ್ಲದ ಹಾಗೆ ದೂರ ನಿಂತಿರುತ್ತದೆ ಅಲ್ವಾ? ನೆಲದಡಿ ಹೊಗೆಯ ಕಾಲುವೆ ಇದೆ. ಅದರ ಮೇಲೆ ಹೆಜ್ಜೆ ಇಡುವಾಗ ಜಾಗ್ರತೆ, ಹಳೆ ಕಮಾನು ಕುಸಿಯಬಹುದು.

ಭಟ್ಟಿ ಬಾಗಿಲ ಪಕ್ಕದ ಗೋಡೆಯಲ್ಲಿ ಇದ್ದಿಲಿನ ಗೀಟುಗಳು ಕಂಡರೆ ಒಂದು ಫೋಟೋ ತೆಗೆದು ನನಗೆ ಕಳಿಸಿ. ನಾಲ್ಕು ಉದ್ದ ಗೀಟು, ಮೇಲೊಂದು ಅಡ್ಡ ಗೀಟು. ಒಂದು ಗೀಟಿಗೆ ನೂರು ಹಂಚು. ನನ್ನಂಥವರ ಕೈಬರಹ ಅದು. ಒಂದು ಸಲ ಎರಡು ಗೀಟು ಜಾಸ್ತಿ ಹಾಕಿಬಿಟ್ಟಿದ್ದೆ. ಇಲ್ಲದ ಇನ್ನೂರು ಹಂಚಿನ ದುಡ್ಡು ನನ್ನ ಸಂಬಳದಿಂದ ಹೋಯಿತು. ಅಡ್ಡ ಗೀಟು ನೋಡಿದರೆ ಈಗಲೂ ಎದೆ ಡವಡವ.

ಜಾಗ್ರತೆಯ ಮಾತು ಬೇಗ ಮುಗಿಸುತ್ತೇನೆ. ಅಟ್ಟಣಿಗೆ ಹತ್ತಬೇಡಿ, ಗೆದ್ದಲು ಹಿಡಿದ ಮರ ಹೊರಗೆ ಗಟ್ಟಿಯಾಗೇ ಕಾಣುತ್ತದೆ. ಬಳ್ಳಿ ಹಬ್ಬಿದ ನೆಲದಲ್ಲಿ ಬಾವಿ ಇರಬಹುದು. ಹಂಚಿನ ಚೂರಿನ ರಾಶಿ ಕೊಳಕುಮಂಡಲಕ್ಕೆ ಅರಮನೆ ಇದ್ದ ಹಾಗೆ. ಮಳೆಗಾಲದಲ್ಲಿ ಹೋಗುವುದೇ ಬೇಡ. ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ, ಬೆಳಿಗ್ಗೆ ಹೊತ್ತು, ಬೂಟು ಹಾಕಿಕೊಂಡು ಹೋಗಿ.

*

ಪ್ರಶ್ನೆ: ಆ ಚಿಮಿಣಿಯಲ್ಲಿ ಭೂತ ಇದೆಯಂತೆ ಹೌದಾ? (ಉಳ್ಳಾಲ)

ಉತ್ತರ: ನಮ್ಮೂರಲ್ಲಿ ಭೂತ ಅಂದರೆ ಹೆದರಿಸುವವನಲ್ಲ ಮಾರಾಯ್ರೇ, ಕಾಯುವವನು. ನಮ್ಮ ಕಾರ್ಖಾನೆ ಕಾಂಪೌಂಡಿನ ಮೂಲೆಯಲ್ಲಿ ಗುಳಿಗ ದೈವದ ಕಲ್ಲಿತ್ತು. ಭಟ್ಟಿಗೆ ಮೊದಲ ಬೆಂಕಿ ಹಾಕುವ ಮುಂಚೆ ಅಲ್ಲಿಗೊಂದು ಎಳನೀರು. ಚಿಮಿಣಿಯಲ್ಲಿ ಇರುವುದು ಗೂಬೆ. ಅದಕ್ಕೆ ನಿಮ್ಮನ್ನು ಕಂಡರೆ ಭಯ.

*

ಪ್ರಶ್ನೆ: ಮಲ್ಪೆ ಹತ್ತಿರದ ನಮ್ಮ ಹಳೆ ಮನೆ ಕೆಡವಿದಾಗ ಸಿಕ್ಕ ಹಂಚಿನಲ್ಲಿ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಇದೆ. ಮನೆ ಕಟ್ಟಿದ್ದು ನನ್ನ ಅಜ್ಜ. ಅವರು ಹುಟ್ಟಿದ್ದೇ 1890ರ ನಂತರ. ಹಾಗಾದರೆ ಹಂಚು ಅವರಿಗಿಂತ ಹಳೆಯದಾ? ಒಬ್ಬರು ಒಳ್ಳೆ ರೇಟಿಗೆ ಕೇಳುತ್ತಿದ್ದಾರೆ. (ಉಡುಪಿ)

ಉತ್ತರ: ಆ ಅಂಕಿ ಎಷ್ಟು ಜನರಿಗೆ ಟೋಪಿ ಹಾಕಿದೆಯೋ! 1865 ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಮಾರ್ಗನ್ಸ್ ಗೇಟ್ ಹತ್ತಿರ ಬಾಸೆಲ್ ಮಿಷನ್ನಿನವರು (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ, ಇಲ್ಲಿಗೆ ಬಂದವರಲ್ಲಿ ಜರ್ಮನರೇ ಜಾಸ್ತಿ) ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಆಗ. ಮುಂದೆ ಕುದ್ರೋಳಿಯಲ್ಲಿ, ನಿಮ್ಮ ಮಲ್ಪೆಯಲ್ಲಿ, ಕೇರಳದ ಕೊಡಕ್ಕಲ್, ಫರೋಕ್ ಕಡೆಗಳಲ್ಲೂ ಹಾಕಿದರು. ಫರೋಕಿನ ಕಾರ್ಖಾನೆ ಶುರುವಾದದ್ದೇ 1905ರಲ್ಲಿ. ಅಲ್ಲಿನ ಹಂಚಿನಲ್ಲೂ 1865 ಅಂತ ಇರುತ್ತದೆ. ಜವಳಿ ಅಂಗಡಿ ಬೋರ್ಡಿನಲ್ಲಿ ಸ್ಥಾಪನೆ ಇಂತಿಷ್ಟನೇ ಇಸವಿ ಅಂತ ಹಾಕುತ್ತಾರಲ್ಲ, ಅದರ ಹಾಗೆ. ನಿನ್ನೆ ತಂದ ಸೀರೆ ಆ ಇಸವಿಯದ್ದಾಗುವುದಿಲ್ಲ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಯಾರ ಹೆಸರಿದೆ ನೋಡಿ. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿ ಅಂತ ಬ್ರಿಟಿಷ್ ಸರಕಾರ ವಶ ಮಾಡಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದವು. ಕಾಮನ್‌ವೆಲ್ತ್ ಅಂತ ಇದ್ದರೆ ಹಂಚು ಯುದ್ಧದ ನಂತರದ್ದು, ಪಕ್ಕದಲ್ಲಿ 1865 ಇದ್ದರೂ ಸರಿ. ಬರೀ ಬಾಸೆಲ್ ಮಿಷನ್ ಅಂತ ಇದ್ದರೆ ಯುದ್ಧಕ್ಕೆ ಮುಂಚಿನದು ಇರುವ ಸಾಧ್ಯತೆ ಜಾಸ್ತಿ. ನಿಮ್ಮ ಅಜ್ಜ ಎಳೆ ಪ್ರಾಯದಲ್ಲೇ ಮನೆ ಕಟ್ಟಿದ್ದರೆ ಹೊಂದುತ್ತದೆ. ಇಲ್ಲವಾದರೆ ಎಲ್ಲಿಂದಲೋ ಹಳೆ ಹಂಚು ತಂದಿದ್ದಾರೆ. ನಮ್ಮವರು ಕಟ್ಟುವುದಕ್ಕೆ ಮುಂಚೆ ಯಾರ ಮನೆ ಬೀಳುತ್ತಿದೆ ಅಂತ ನೋಡುವವರು.

ಆಲ್ಬುಕರ್ಕ್ ಹಂಚಿನ 1868 ಕೂಡ ಹೀಗೇ, ಕಾರ್ಖಾನೆಯ ಹುಟ್ಟಿದ ವರ್ಷ. ಮಿಷನ್ನಿನವರನ್ನು ನೋಡಿ ಮೂರೇ ವರ್ಷದಲ್ಲಿ ನಮ್ಮೂರಿನವರೇ ಹಾಕಿದ ಕಾರ್ಖಾನೆ ಅದು. ಆಮೇಲೆ ಹೊಯ್ಗೆಬಜಾರು, ಬೋಳಾರ, ಕುದ್ರೋಳಿ ತುಂಬ ಚಿಮಿಣಿ. ಒಬ್ಬೊಬ್ಬರದು ಒಂದೊಂದು ಗುರುತು, ಪ್ರಾಣಿ, ನಕ್ಷತ್ರ, ಹೀಗೆ. ಓದಲು ಬಾರದ ಗಿರಾಕಿಗೂ ಗೊತ್ತಾಗಬೇಕಲ್ಲ.

ಮಾರುವುದು ಬಿಡುವುದು ನಿಮ್ಮ ಇಷ್ಟ. ನಾನಾದರೆ ಹತ್ತಾದರೂ ಇಟ್ಟುಕೊಳ್ಳುತ್ತಿದ್ದೆ. 1865ರ ಹಂಚು ಅಂತ ಹೇಳಿ ಮಾತ್ರ ಮಾರಬೇಡಿ.

*

ಪ್ರಶ್ನೆ: ಮಂಗಳೂರು ಹಂಚು ಅನ್ನುತ್ತೇವೆ. ಆದರೆ ಇದು ನಿಜವಾಗಿ ನಮ್ಮದಾ, ಜರ್ಮನರದ್ದಾ? ಖಾಕಿ ಬಟ್ಟೆ ಕಂಡುಹಿಡಿದದ್ದೂ ಮಂಗಳೂರಿನಲ್ಲೇ ಅಂತ ಮಕ್ಕಳಿಗೆ ಹೇಳಿದ್ದೇನೆ. ಸರಿ ತಾನೇ? (ಶಿಕ್ಷಕರು, ಸುರತ್ಕಲ್)

ಉತ್ತರ: ಮೇಷ್ಟ್ರೇ, ವಿನ್ಯಾಸ ಫ್ರೆಂಚರದ್ದು, ತಂದವರು ಜರ್ಮನ್, ಕಳಿಸಿದ್ದು ಸ್ವಿಟ್ಜರ್ಲೆಂಡಿನ ಮಿಷನ್, ಮಣ್ಣು ನೇತ್ರಾವತಿಯದ್ದು, ಕೈ ನಮ್ಮವರದ್ದು. ಈಗ ಯಾರದ್ದು ಅಂತ ನೀವೇ ಹೇಳಿ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರ ಆದವರಿಗೆ ಜಾತಿಯೂ ಹೋಯಿತು, ಮನೆಯೂ ಹೋಯಿತು, ಕಸುಬೂ ಹೋಯಿತು. ಅವರಲ್ಲಿ ಬಿಲ್ಲವರು ತುಂಬ ಜನ. ಅವರ ಕಸುಬಾದ ಶೇಂದಿ ಇಳಿಸುವುದು ಮಿಷನ್ನಿಗೆ ಹಿಡಿಸದ ಕೆಲಸ. ಹಾಗಾದರೆ ಊಟಕ್ಕೇನು? ಅದಕ್ಕೇ ಮುದ್ರಣದ ಪ್ರೆಸ್ಸು, ನೇಯ್ಗೆ, ಹಂಚು. ಗೇಯೋರ್ಗ್ ಪ್ಲೆಬ್ಸ್ಟ್ ಅನ್ನುವವರು ಮೊದಲು ಮಿಷನ್ ಪ್ರೆಸ್ಸಿನಲ್ಲಿದ್ದರು. ಮುದ್ರಣದ ಮನುಷ್ಯನಿಗೆ ಮಣ್ಣಿನ ಹುಚ್ಚು ಹಿಡಿಯಿತು. ಶುರುವಿನಲ್ಲಿ ಇಬ್ಬರು ಆಳು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು ಅಂತ ಹೇಳುತ್ತಾರೆ. ಲೆಕ್ಕ ಬರೆದವನಾಗಿ ನನಗೆ ಆ ಕೊನೆಯ ಅರವತ್ತರ ಮೇಲೆ ಪ್ರೀತಿ. ಯಾರೋ ರೈಟರ್ ಸರಿಯಾಗಿ ಎಣಿಸಿದ್ದಾನೆ.

ಒಂದಕ್ಕೊಂದು ಸಿಕ್ಕಿಕೊಳ್ಳುವ ಈ ಹಂಚನ್ನು 1841ರಲ್ಲಿ ಮಾಡಿದ್ದು ಫ್ರಾನ್ಸಿನ ಆಲ್ಸೇಸ್ ಸೀಮೆಯ ಜಿಲಾರ್ಡೋನಿ ಅಣ್ಣತಮ್ಮಂದಿರು. ಅದಕ್ಕೆ ಮುಂಚೆ ನಮ್ಮಲ್ಲಿ ಇದ್ದದ್ದು ಮುಳಿಹುಲ್ಲು, ತೆಂಗಿನ ಮಡಲು, ಇಲ್ಲವೇ ಕುಂಬಾರರ ನಾಡಹಂಚು. ಬೋಳಾರದ ಪಕ್ಕದ ಮುಳಿಹಿತ್ಲು ಅನ್ನುವ ಹೆಸರು ಕೇಳಿದರೆ ನನಗೆ ಆ ಹುಲ್ಲೇ ನೆನಪಾಗುತ್ತದೆ. ಮುಳಿ ಮಾಡು, ಅಂದರೆ ಹುಲ್ಲಿನ ಛಾವಣಿ, ವರ್ಷವರ್ಷ ಹೊದೆಸಬೇಕು, ಬೆಂಕಿಯ ಭಯ ಬೇರೆ. ನಾಡಹಂಚನ್ನು ಮಂಗ ಓಡಾಡಿದಾಗೆಲ್ಲ ಸರಿ ಮಾಡಬೇಕು. ಈ ಹೊಸ ಹಂಚಿಗೆ ಪಕ್ಕದಲ್ಲಿ ಗಾಡಿ, ಅಂದರೆ ಸಣ್ಣ ತೋಡಿನಂಥ ಗೆರೆ, ಹಿಂದೆ ರೀಪಿಗೆ (ಮಾಡಿನ ಅಡ್ಡಪಟ್ಟಿಗೆ) ಸಿಕ್ಕಿಸುವ ಮೂಗು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ನುಗ್ಗಿದ ನೀರೂ ಗಾಡಿಯಲ್ಲೇ ಇಳಿದು ಹೋಗುತ್ತದೆ. ಅಕ್ಕಪಕ್ಕ ಜಾಸ್ತಿ ಹೊದೆಸಬೇಕಾಗಿಲ್ಲ, ಹಾಗಾಗಿ ಹಂಚೂ ಕಡಿಮೆ ಸಾಕು, ಮಾಡಿನ ಭಾರವೂ ಕಡಿಮೆ. ತುಳುವಿನಲ್ಲಿ ಓಡುದ ಇಲ್ಲ್ (ಹಂಚಿನ ಮನೆ) ಅಂದರೆ ಒಂದು ಕಾಲಕ್ಕೆ ಸ್ಥಿತಿವಂತರ ಮನೆ ಅಂತಲೇ ಅರ್ಥ.

ಖಾಕಿ ವಿಷಯ: ಪೂರ್ತಿ ಸರಿಯಲ್ಲ ಮೇಷ್ಟ್ರೇ. 1840ರ ದಶಕದಲ್ಲೇ ಪೇಷಾವರ ಕಡೆಯ ಬ್ರಿಟಿಷರ ಗೈಡ್ಸ್ ಪಡೆ ಮಣ್ಣುಬಣ್ಣದ ಬಟ್ಟೆ ಹಾಕುತ್ತಿತ್ತು. 1851ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ನೇಕಾರ ಯೋಹಾನ್ನೆಸ್ ಹಾಲರ್ ಬಲ್ಮಠದ ನೇಯ್ಗೆಯಲ್ಲಿ ಖಾಕಿ ಬಣ್ಣ ಕೂಡಿಸಿ ಬಟ್ಟೆ ನೇಯಿಸಿದರು, ಅದು ಹೆಸರು ಮಾಡಿತು. ಮಕ್ಕಳಿಗೆ ಅಷ್ಟು ಹೇಳಿ. ಅದೇನು ಕಡಿಮೆಯಾ?

*

ಪ್ರಶ್ನೆ: ಇಷ್ಟು ಒಳ್ಳೆಯ ಹಂಚು ಅಂದರೆ ಕಾರ್ಖಾನೆ ಯಾಕೆ ಮುಚ್ಚಿದವು? ಊರಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಹಳೆ ಹಂಚು ಹಾಕಿಸಬಹುದಾ? (ಬೆಂಗಳೂರು, ಮೂಲ ಕಾಪು)

ಉತ್ತರ: ಒಂದೇ ಕಾರಣ ಹುಡುಕಬೇಡಿ. ಗದ್ದೆಯ ಮಣ್ಣು ತೆಗೆದರೆ ಹೊಂಡ ಉಳಿಯುತ್ತದೆ, ಅದಕ್ಕೆ ಜನ ತಕರಾರು ಎತ್ತಿದ್ದರಲ್ಲಿ ತಪ್ಪೇನಿಲ್ಲ. ಕಟ್ಟಿಗೆ ತುಟ್ಟಿಯಾಯಿತು. ಮಾಡಿನ ಪಕ್ಕಾಸು, ರೀಪಿನ ಮರ ಹಂಚಿಗಿಂತ ದುಬಾರಿ ಆಯಿತು. ಗಲ್ಫಿನಿಂದ, ಮುಂಬಯಿಯಿಂದ ದುಡ್ಡು ಬಂದವರೆಲ್ಲ ತಾರಸಿ ಹಾಕಿಸಿದರು. ಆಮೇಲೆ ಅದೇ ತಾರಸಿ ಸೋರಿ, ಮೇಲೊಂದು ಶೀಟು ಹಾಕಿಸಿದರು. ಹೊಳೆ ಬದಿಯ ಜಾಗಕ್ಕೆ ಹಂಚಿಗಿಂತ ಬೆಲೆ ಬಂತು. ನಮ್ಮ ಕಾರ್ಖಾನೆಯಲ್ಲಿ ಒಂದು ಶನಿವಾರ ಸಂಬಳದ ಜೊತೆ ಒಂದು ಚೀಟಿ ಕೊಟ್ಟರು, ಸೋಮವಾರ ಬರಬೇಡಿ ಅಂತ. ಗ್ರಾಚ್ಯುಟಿ ಮೂರು ಕಂತಿನಲ್ಲಿ ಬಂತು. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಇನ್ನೂ ಹೊಂದಾಣಿಕೆ ಆಗಿಲ್ಲ. ಬಿಡಿ.

ಹಳೆ ಹಂಚು ಧಾರಾಳ ಹಾಕಿಸಿ. ಆದರೆ ಒಂದೊಂದನ್ನೂ ಬೆರಳ ಗಂಟಿನಲ್ಲಿ ತಟ್ಟಿ. ಠಣ್ ಅಂದರೆ ಇರಲಿ. ದೊಬ್ ಅಂದರೆ ಬಿರುಕಿದೆ, ಇಲ್ಲವೇ ಸರಿ ಸುಟ್ಟಿಲ್ಲ. ಐದಾರು ಹಂಚು ಆರಿಸಿ ಒಣಗಿದ್ದಾಗ ತೂಕ ಮಾಡಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಕ ಮಾಡಿ. ತೂಕ ಐದನೇ ಒಂದು ಪಾಲಿಗಿಂತ ಜಾಸ್ತಿ ಏರಿದರೆ ಬೇಡ. ಒಂದು ಹಂಚು ಎರಡರಿಂದ ಮೂರು ಕಿಲೋ, ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಒಡೆಯುವುದಕ್ಕೆ ಅಂತ ಸ್ವಲ್ಪ ಜಾಸ್ತಿ ತನ್ನಿ. ಎಲ್ಲಕ್ಕಿಂತ ಮುಖ್ಯ, ಒಂದು ಮಾಡಿಗೆ ಒಂದೇ ಕಾರ್ಖಾನೆಯ ಹಂಚು. ನೋಡಲು ಎಲ್ಲವೂ ಒಂದೇ. ಗಾಡಿಯ ಅಳತೆ ಕೂದಲೆಳೆ ಹೆಚ್ಚುಕಡಿಮೆ ಇರುತ್ತದೆ. ಮಳೆಗೆ ಆ ಕೂದಲೆಳೆ ಸಾಕು.

*

ಪ್ರಶ್ನೆ: ನನ್ನ ಅಜ್ಜಿ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು ಅಂತ ಅಮ್ಮ ಹೇಳುತ್ತಾರೆ. ಯಾವ ಕಾರ್ಖಾನೆ, ಏನು ಕೆಲಸ, ಒಂದೂ ಗೊತ್ತಿಲ್ಲ. ಅವರ ಫೋಟೋ ಕೂಡ ನಮ್ಮಲ್ಲಿ ಇಲ್ಲ. ಎಲ್ಲಿ ಹುಡುಕಬಹುದು? (ಜೆಪ್ಪು)

ಉತ್ತರ: ಅಕ್ಕ, ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊದಲು ಮನೆಯಲ್ಲೇ ಹುಡುಕಿ. ಹಳೆ ಟ್ರಂಕಿನ ತಳ, ದೇವರ ಫೋಟೋದ ಹಿಂದೆ. ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಯೂನಿಯನ್ನಿನ ರಸೀದಿ, ಇವುಗಳಲ್ಲಿ ಒಂದು ಸಿಕ್ಕಿದರೂ ಕಾರ್ಖಾನೆ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಅಮ್ಮನನ್ನು ಬೇರೆ ರೀತಿ ಕೇಳಿ. ಯಾವ ಕಾರ್ಖಾನೆ ಅಂತ ಕೇಳಬೇಡಿ. ಅಜ್ಜಿ ಬೆಳಿಗ್ಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಸೈರನ್ ಮನೆಗೆ ಕೇಳುತ್ತಿತ್ತಾ, ಸಂಜೆ ಬರುವಾಗ ಮೀನು ಎಲ್ಲಿಂದ ತರುತ್ತಿದ್ದರು, ಬಟ್ಟೆಯಲ್ಲಿ ಕೆಂಪು ಧೂಳು ಇತ್ತಾ ಕಪ್ಪು ಮಸಿ ಇತ್ತಾ. ಬೆರಳ ಸಂದಿಯಲ್ಲಿ ಎಣ್ಣೆ, ಹಸಿ ಮಣ್ಣು ಅಂದರೆ ಪ್ರೆಸ್ಸಿನ ಕಡೆಯವರು. ತಲೆಯಲ್ಲಿ ಸಿಂಬಿ ಇಡುತ್ತಿದ್ದರೆ ಹಂಚು ಹೊತ್ತವರು.

ಮಿಷನ್ ಕಾಲದ ಕಾರ್ಖಾನೆ ಆದರೆ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಹಳೆ ದಾಖಲೆಗಳ ಸಂಗ್ರಹ ಇದೆ, ಹೋಗಿ ಕೇಳಿ. ಬಾಸೆಲ್‌ನ ಮಿಷನ್ ಸಂಗ್ರಹದ ಹಳೆ ಫೋಟೋಗಳನ್ನು ಇಂಟರ್ನೆಟ್ಟಿನಲ್ಲೇ ನೋಡಬಹುದು. ಮಂಗಳೂರಿನ ಫೋಟೋಗಳೂ ಇವೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಥ ಫೋಟೋಗಳಲ್ಲಿ ಹೆಸರು ಇರುವುದು ದೊರೆಗಳಿಗೆ. ಉಳಿದವರು ಬರೀ ಕೆಲಸಗಾರರು. ನನ್ನ ಪುಸ್ತಕದಲ್ಲೂ ಹಾಗೇ ಇತ್ತು: ಹೆಂಗಸರು ಇಷ್ಟು, ಗಂಡಸರು ಇಷ್ಟು. ಹೆಸರು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ನಿಮ್ಮ ಮನೆ ಹಂಚಿನದ್ದಾ? ಆಗಿದ್ದರೆ ಒಂದು ಕೆಲಸ ಮಾಡಿ. ಸೋರುವ ಕಡೆ ಹೇಗೂ ಮಾಡು ಬಿಚ್ಚುತ್ತೀರಿ, ಆಗ ನಾಲ್ಕಾರು ಹಂಚಿನ ಬೆನ್ನು ತಿರುಗಿಸಿ, ಓರೆ ಬಿಸಿಲಿಗೆ ಹಿಡಿದು ನೋಡಿ. ಅಚ್ಚಿನಿಂದ ಬಂದ ಹಸಿ ಹಂಚನ್ನು ಹಿಡಿದು ಅಂಚು ಕತ್ತರಿಸುವಾಗ ಬೆರಳು ತಾಗಿದ ಗುರುತು ಒಂದೊಂದು ಹಂಚಿನಲ್ಲಿ ಹಾಗೇ ಸುಟ್ಟು ಉಳಿದಿರುತ್ತದೆ. ಎರಡು ಬೆರಳು, ಮೂರು ಬೆರಳು. ಕೆಲವದರಲ್ಲಿ ಬೆರಳ ಗೆರೆ ಕೂಡ ಕಾಣುತ್ತದೆ. ಅದು ನಿಮ್ಮ ಅಜ್ಜಿಯದ್ದೇ ಅಂತ ನಾನು ಹೇಳಲಾರೆ. ಅವರ ಪಕ್ಕ ನಿಂತವರದ್ದೂ ಇರಬಹುದು.

ಪಾಚಿ ಇದ್ದರೆ ತೆಂಗಿನ ನಾರಿನಲ್ಲಿ ಮೆಲ್ಲಗೆ ತಿಕ್ಕಿ, ಬರೀ ನೀರು ಸಾಕು. ತಂತಿ ಬ್ರಷ್ ಮಾತ್ರ ಹಾಕಬೇಡಿ.